ಗಲ್ಲಕ್ಕೆ ಕೈ ಹಚ್ಚಿದ ಬಳೆಗಾರ್ತಿ

ಬಳೆ ಇಡುವಾಗ ಬಳೆ ನೋಡಬಾರದು, ಮುಖ ನೋಡಬೇಕು. ಹಗರಿಬೊಮ್ಮನಹಳ್ಳಿಯ ಬಳೆಗಾರ್ತಿ ಮಕ್ತುಂಬಿಗೆ ಅವಳ ಅತ್ತೆ ಖಾಜಾಬೀ ಕಲಿಸಿದ ಮೊದಲ ಪಾಠ ಇದು. ಕೈ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ. ಬೆರಳ ಗೆಣ್ಣುಗಳನ್ನು ಮೆಲ್ಲಗೆ ಒತ್ತಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗಾಜಿನ ಬಳೆಯನ್ನು ಗೆಣ್ಣು ದಾಟಿಸುವ ಗಳಿಗೆಯಲ್ಲಿ ನೋವು ಮೊದಲು ಹುಬ್ಬಿಗೆ ಬರುತ್ತದೆ, ಆಮೇಲೆ ಬಾಯಿಗೆ. ಹುಬ್ಬು ಅಲುಗಿದ್ದು ಕಂಡರೆ ಕೈ ಸಡಿಲಿಸಬೇಕು. ಬಾಯಿಂದ 'ಹಾ' ಬಂತೆಂದರೆ ಹೊತ್ತು ಮೀರಿತು. ಅಷ್ಟರೊಳಗೆ ಬಳೆ ಒಡೆದಿರುತ್ತದೆ, ಇಲ್ಲವೇ ಕೈ ಕೊಯ್ದಿರುತ್ತದೆ.

ಮದುವೆಯಾಗಿ ಬಂದ ಮರುವರ್ಷದಿಂದಲೇ ಮಕ್ತುಂಬಿ ಮಲಾರ ಹೊತ್ತವಳು. ಮಲಾರವೆಂದರೆ ಬಣ್ಣ ಬಣ್ಣದ ಬಳೆಗಳನ್ನು ಹಗ್ಗಕ್ಕೆ ಪೋಣಿಸಿ ಕಟ್ಟಿದ ದೊಡ್ಡ ಹೊರೆ. ಹೆಗಲಿಗೆ ಹಾಕಿಕೊಂಡು ನಡೆದರೆ ಓಣಿಯ ಆಚೆ ತುದಿಯ ಹೆಂಗಸರಿಗೂ ಸದ್ದು ಕೇಳಿ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಬಸ್ಸಿದ್ದ ಊರಿಗೆ ಬಸ್ಸು, ಇಲ್ಲದ ಊರಿಗೆ ಕಾಲು. ಹಂಪಸಾಗರದ ಸುತ್ತಲಿನ ಹಳ್ಳಿಗಳೆಲ್ಲ ಅವಳವೇ. ಯಾರ ಗೆಣ್ಣು ಹತ್ತಿ ಬಿಡಿಸಿ ಬಿರುಸಾಗಿವೆ, ಯಾರ ಬೆರಳು ಉಣ್ಣೆ ನೂತು ನೂತು ನುಣುಪಾಗಿವೆ, ಯಾವ ಮನೆಯ ಸೊಸೆ ತವರಿನಿಂದ ಬಂದ ಮೇಲೆ ಸೊರಗಿದ್ದಾಳೆ, ಇವೆಲ್ಲ ಅವಳ ಬೆರಳ ತುದಿಯಲ್ಲಿದ್ದವು. ಗಂಡ ಮಾಬುಸಾಬ್ ಬಸ್ ನಿಲ್ದಾಣದ ಮಗ್ಗುಲಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಕೈಗಿಂತ ಬಾಯಿ ಒಂದು ತೂಕ ಹೆಚ್ಚು ನಡೆಯುವ ಮನುಷ್ಯ, ಆದರೆ ಹೆಂಡತಿಯ ವಿಷಯದಲ್ಲಿ ಮೆತ್ತನೆಯ ಬೆಣ್ಣೆ.

ಎಪ್ಪತ್ತಾರನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಮಕ್ತುಂಬಿಯ ಕತ್ತು ಎಡಕ್ಕೆ ತಿರುಗತೊಡಗಿತು.

ಮೊದಮೊದಲು, ಎಡಗಡೆಯಿಂದ ಯಾರೋ ಕರೆದಂತಾಗಿ ತಿರುಗಿದ ಹಾಗೆ ಇತ್ತು. ತಿರುಗಿದ್ದನ್ನು ನೆಟ್ಟಗೆ ಮಾಡಿಕೊಂಡರೆ ಮತ್ತೆ ತಿರುಗುತ್ತಿತ್ತು. ಬರುಬರುತ್ತ ಬಿಗಿಯಿತು. ತಲೆ ಎಡಕ್ಕೆ ಹೊರಳಿದಾಗ ಬಲಗಡೆಯ ಕತ್ತಿನ ಸ್ನಾಯು ಬಾವಿಯ ಹಗ್ಗದಂತೆ ಎದ್ದು ನಿಲ್ಲುತ್ತಿತ್ತು, ಸಣ್ಣಗೆ ನಡುಗುತ್ತಿತ್ತು, ರಾತ್ರಿ ಮುಟ್ಟಿದರೆ ಹುಣ್ಣಿನಂತೆ ನೋಯುತ್ತಿತ್ತು. ಅವಳು ಬಲಕ್ಕೆ ಎಳೆದಳೆಂದರೆ ಅದು ಎಡಕ್ಕೆ ಜಗ್ಗುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಮಾತು ಒಂದೇ ಕುತ್ತಿಗೆಯಲ್ಲಿ ನಡೆದಂತಾಯಿತು. ವಿಚಿತ್ರವೆಂದರೆ, ಮಲಗಿದಾಗ ಇಲ್ಲ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತು ಇಲ್ಲ. ನಾಲ್ಕು ಮಂದಿಯ ಎದುರು ಕುಳಿತು ಮಲಾರ ಬಿಚ್ಚಿದಳೆಂದರೆ ಮಾತ್ರ ಸಾಲ ವಸೂಲಿಗೆ ಬಂದವನಂತೆ ಹಾಜರು.

"ದಿಂಬು ಸರಿ ಇಟ್ಕಂಡಿಲ್ಲ ನೀನು," ಎಂದಳು ಖಾಜಾಬೀ. ಕತ್ತು ಹಿಡಿದರೆ ದಿಂಬನ್ನು ಬಿಸಿಲಿಗೆ ಹಾಕಬೇಕೆಂಬುದು ಆ ಕಡೆಯ ನಂಬಿಕೆ. ಮಕ್ತುಂಬಿಯ ದಿಂಬು ವಾರವಿಡೀ ಮಾಳಿಗೆಯ ಮೇಲೆ ಒಣಗಿತು. ಹತ್ತಿ ಅರಳಿತೇ ಹೊರತು ಕತ್ತು ಸಡಿಲಾಗಲಿಲ್ಲ.

ಆಮೇಲೆ ಹಡಗಲಿ ಕಡೆಯ ದುರುಗಪ್ಪನ ಹತ್ತಿರ ಹೋದರು. ಆತ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವನು. ಹಾಗೆ ಹುಟ್ಟಿದವರ ಹಿಮ್ಮಡಿ ಸೋಕಿದರೆ ಉಳುಕು ಬಿಡುತ್ತದೆಂದು ಮಂದಿ ಸಾಲುಗಟ್ಟಿ ಬರುತ್ತಿದ್ದರು. ದುರುಗಪ್ಪ ಎಣ್ಣೆ ಹಚ್ಚಿ, ಹಿಮ್ಮಡಿಯಿಂದ ನೀವಿ, ಕತ್ತು ಮುಟ್ಟಿ ನೋಡಿ, ಬೆವರು ಒರೆಸಿಕೊಂಡ.

"ಇದು ಉಳುಕಲ್ಲ ಬಿಡ್ರಿ ಮಾಬುಸಾಬ್. ಉಳುಕಿದ್ರ ಹಿಂಗ ಹೋಗಿ ಹಿಂಗ ಬರಂಗಿಲ್ಲ. ಒಳಗ ಯಾರೋ ಕುಂತು ಜಗ್ಗಿದಂಗ ಐತಿ."

ಅವನ ಮಟ್ಟಿಗೆ ಅದು ಪ್ರಾಮಾಣಿಕವಾದ ಮಾತು. ಆದರೆ 'ಒಳಗ ಯಾರೋ ಕುಂತಾರ' ಎಂಬುದು ಬಸ್ಸಿಗಿಂತ ಮೊದಲೇ ಊರು ಸೇರಿತು. ದರ್ಗಾದ ತಾಯಿತ ಬಂತು. ಹಂಪಸಾಗರದ ಗಾದೆಮ್ಮ ಮೈಲಾರಲಿಂಗನ ಭಂಡಾರದ ಅರಿಸಿನ ಕಟ್ಟಿ ಕಳಿಸಿದಳು. ಮಕ್ತುಂಬಿ ತಾಯಿತವನ್ನು ತೋಳಿಗೆ ಕಟ್ಟಿಕೊಂಡಳು, ಭಂಡಾರವನ್ನು ಕತ್ತಿಗೆ ಹಚ್ಚಿಕೊಂಡಳು. ಕೊಟ್ಟವರ ಪ್ರೀತಿ ಅದರಲ್ಲಿತ್ತು.

ನಗೆಗೂ ಕೊರತೆಯಿರಲಿಲ್ಲ. ಪಕ್ಕೀರಮ್ಮನೆಂಬ ದಪ್ಪ ಹೆಂಗಸು ಒಮ್ಮೆ ಕೆಂಪು ಬಳೆ ಕೈಗೆ ಹಿಡಿದು, "ಮಕ್ತುಂಬಕ್ಕ, ಇದು ನನಗ ಒಪ್ಪತೈತಾ?" ಎಂದಳು. ಮಕ್ತುಂಬಿಯ ತಲೆ ಎಡಕ್ಕೆ ಹೊರಳಿತು. ಪಕ್ಕೀರಮ್ಮ ಹಳದಿ ಹಿಡಿದಳು. ಹೊರಳಿತು. ನೀಲಿ ಹಿಡಿದಳು. ಮತ್ತೂ ಹೊರಳಿತು.

"ನನಗ ಯಾವ ಬಣ್ಣಾನೂ ಒಪ್ಪಂಗಿಲ್ಲ ಅಂತ ಬಾಯಿಬಿಟ್ಟು ಹೇಳಬಾರದೇನವ್ವಾ? ಮಾರಿ ತಿರುಗಿಸ್ಕಂಡು ಅವಮಾನ ಮಾಡ್ತಿಯಲ್ಲ!" ಎಂದು ಎದ್ದು ಹೋದಳು. ಆಕೆಯ ಹಿಂದೆ ಓಡಿ ಹೋಗಿ ಸಮಾಧಾನ ಮಾಡಿ ಕರೆತರುವಷ್ಟರಲ್ಲಿ ಮಕ್ತುಂಬಿಗೆ ನಗುವೂ ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು.

ಒಂದು ಮಧ್ಯಾಹ್ನ ಮನೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಾಗ ಎಡಗಲ್ಲದ ಮೇಲೆ ನೊಣ ಕೂತಿತು. ಓಡಿಸಲು ಎರಡು ಬೆರಳು ಹಚ್ಚಿದಳು. ಹಚ್ಚಿದ್ದೇ ತಡ, ಕತ್ತು ತಾನಾಗಿ ನೆಟ್ಟಗೆ ಬಂದು ನಿಂತಿತು. ಒತ್ತಿರಲಿಲ್ಲ, ದೂಡಿರಲಿಲ್ಲ, ಬರೀ ಮುಟ್ಟಿದ್ದಳು. ಅರಚುವ ಕರುವಿನ ಕೊರಳ ಗಂಗೆದೊಗಲು ಸವರಿದರೆ ಸುಮ್ಮನಾಗುವಂತೆ ಆಯಿತು. ಬೆರಳು ತೆಗೆದಳು, ತಿರುಗಿತು. ಹಚ್ಚಿದಳು, ನಿಂತಿತು. ಅಂಗೈಯನ್ನು ಗಲ್ಲಕ್ಕೆ ಆನಿಸಿ, ಎಷ್ಟೋ ತಿಂಗಳ ಮೇಲೆ ಮನೆಯ ಬಾಗಿಲನ್ನು ನೆಟ್ಟಗೆ ನೋಡುತ್ತ ಕುಳಿತಳು.

ಖಾಜಾಬೀ ಒಳಗಿನಿಂದ ಬಂದವಳೇ ಹೌಹಾರಿದಳು.

"ಏ ತೆಗಿಯೇ ಕೈ! ಗಲ್ಲಕ್ಕ ಕೈ ಹಚ್ಚಿ ಕುಂತೀಯಲ್ಲ, ಮನಿಯಾಗ ಯಾರು ಸತ್ತಾರ? ನಾನಿನ್ನೂ ಗಟ್ಟಿ ಅದೀನಿ!"

ಆ ಸೀಮೆಯಲ್ಲಿ ಹಿಂದೂಗಳಿರಲಿ, ಮುಸಲ್ಮಾನರಿರಲಿ, ಗಲ್ಲಕ್ಕೆ ಕೈ ಹಚ್ಚಿ ಕೂರುವುದು ಒಲ್ಲದ ಸಂಗತಿ. ಹೆಣದ ಮುಂದೆ ಕೂತವರು ಹಾಗೆ ಕೂರುತ್ತಾರೆ, ಮನೆ ಮುಳುಗಿದವರು ಹಾಗೆ ಕೂರುತ್ತಾರೆ. ಮಕ್ಕಳು ಮರೆತು ಹಚ್ಚಿದರೂ ತಾಯಂದಿರು ಕೈಗೆ ಏಟು ಹಾಕುತ್ತಾರೆ. ಮಕ್ತುಂಬಿ ಕೈ ತೆಗೆದಳು. ತನಗೆ ಸಿಕ್ಕ ಒಂದೇ ಒಂದು ನೆಮ್ಮದಿ ಕೆಟ್ಟ ಶಕುನವಾಗಿ ಹೋಯಿತಲ್ಲ ಎಂದು, ಒಲೆಯ ಮುಂದೆ, ಬಾಗಿಲ ಮರೆಯಲ್ಲಿ ಕದ್ದು ಕದ್ದು ಗಲ್ಲ ಮುಟ್ಟಿಕೊಳ್ಳತೊಡಗಿದಳು. ಗಂಡನಿಗೂ ಹೇಳಲಿಲ್ಲ.

ಹಂಪಸಾಗರದಲ್ಲಿ ಬೊಮ್ಮಮ್ಮನ ಮನೆ ದೊಡ್ಡದು. ಕುರಿ ಹಟ್ಟಿ, ಹೊಲ, ತುಂಬಿದ ಸಂಸಾರ. ಬೊಮ್ಮಮ್ಮನಿಗೆ ವಯಸ್ಸು ಎಪ್ಪತ್ತರ ಮೇಲಾದರೂ ನಾಲಿಗೆಗೆ ಇನ್ನೂ ಹದಿನಾರು. ಅವಳ ಸೊಸೆಯೇ ಭಂಡಾರ ಕಳಿಸಿದ ಗಾದೆಮ್ಮ. ಗಾದೆಮ್ಮನ ಮಗಳು ಮೈಲಮ್ಮ ತೊಟ್ಟಿಲಲ್ಲಿದ್ದಾಗ ದೃಷ್ಟಿಯ ಕರಿಬಳೆ ಇಟ್ಟವಳು ಮಕ್ತುಂಬಿ, ಅವಳ ಮದುವೆಯ ಬಳೆ ಇಟ್ಟವಳೂ ಅವಳೇ. ಆ ಮನೆಯಲ್ಲಿ ಬೇರೆಯವರ ಮಲಾರ ಇಳಿದದ್ದೇ ಇಲ್ಲ. ಸುತ್ತಲ ಹಳ್ಳಿಯ ಹೆಂಗಸರೂ ಬೊಮ್ಮಮ್ಮನ ಮನೆಯನ್ನು ನೋಡಿಯೇ ನಡೆಯುವವರು.

ಎಪ್ಪತ್ತೇಳರ ಬೇಸಗೆಯಲ್ಲಿ ಆ ಮನೆಯ ಮೊಮ್ಮಗನ ಮದುವೆ. ಮದುವಣಗಿತ್ತಿಗೆ ಬಳೆ ಇಡಲು ಮಕ್ತುಂಬಿ ಕುಳಿತಳು. ಸುತ್ತ ಹೆಂಗಸರ ಸಂತೆ. ಮೊದಲ ಬಳೆ ಗೆಣ್ಣಿಗೆ ಬಂದಾಗಲೇ ಕತ್ತು ಜಗ್ಗಿತು. ಮದುವಣಗಿತ್ತಿಯ ಮುಖ ಕಣ್ಣಿನಿಂದ ಜಾರಿ, ಗೋಡೆ ಕಂಡಿತು. ಹುಬ್ಬು ಕಾಣಲಿಲ್ಲ. 'ಹಾ' ಕೇಳಿಸಿತು. ಬಳೆ ಒಡೆದು ಹುಡುಗಿಯ ಮುಂಗೈಯಲ್ಲಿ ರಕ್ತದ ಸಣ್ಣ ಗೆರೆ ಮೂಡಿತು. ಗಾಬರಿಯಲ್ಲಿ ಕತ್ತು ಮತ್ತಷ್ಟು ಬಿಗಿಯಿತು. ಏನು ಮಾಡುತ್ತಿದ್ದೇನೆಂಬ ಎಚ್ಚರವಿಲ್ಲದೆ ಮಕ್ತುಂಬಿ ಕೈಯನ್ನು ಗಲ್ಲಕ್ಕೆ ಹಚ್ಚಿಕೊಂಡಳು.

ಹತ್ತಿರ ಕೂತಿದ್ದ ಹೆಂಗಸರು ಹಿಂದೆ ಸರಿದರು.

"ಏಳು," ಎಂದಳು ಬೊಮ್ಮಮ್ಮ. "ಹಸೀ ಮದುವಿ ಮನಿ. ಬಳಿ ಒಡದಿ, ಮಾರಿ ತಿರುವಿದಿ, ಸಾಲದ್ದಕ್ಕ ಗಲ್ಲಕ್ಕ ಕೈ ಹಚ್ಕಂಡು ಕುಂತಿ. ನನ್ನ ಮೊಮ್ಮಗನ ಮದುವಿಗೆ ಬಂದಿಯೋ, ಮಣ್ಣಿಗೆ ಬಂದಿಯೋ?"

"ಅಜ್ಜೀ, ನನ್ನ ಕತ್ತು..."

"ಕತ್ತೋ, ಮತ್ತೇನೋ. ಏಳು ತಾಯಿ. ಕೈ ಮುಗೀತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಕೈ ಮುಗಿದದ್ದು ಎದೆಗೆ ನಾಟಿತು. ಮಲಾರ ಕಟ್ಟಿಕೊಂಡು ಹೊರಟಳು. ಅಂದಿನಿಂದ ಆ ಕಡೆಯ ಮದುವೆ, ಸೀಮಂತ, ಉಡಿ ತುಂಬುವ ಕಾರ್ಯಗಳಿಗೆ ಬೇರೆ ಬಳೆಗಾರರು ಬಂದರು. ಬರೀ ದಿನಬಳಕೆಯ ಒಂದೆರಡು ಬಳೆಗೆ ಬಡವರ ಓಣಿಯಲ್ಲಿ ಅವಳನ್ನು ಕೂಗುತ್ತಿದ್ದರು, ಅದೂ ಮುಖ ನೋಡದೆ.

ಹೆಂಡತಿ ಮಲಾರವನ್ನು ಮೂಲೆಗೆ ಒರಗಿಸಿ ಗೋಡೆ ಕಡೆ ತಿರುಗಿ ಮಲಗುವುದನ್ನು ಮಾಬುಸಾಬ್ ನೋಡಿದ. ಕಡೆಗೆ ಒಂದು ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಹೊಸಪೇಟೆ ಮೇಲಾಸಿ ಬಳ್ಳಾರಿಗೆ ಹೋಗುವ ಬಸ್ಸಿಗೆ ಅವಳನ್ನು ಹತ್ತಿಸಿದ.

ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ನರಗಳ ಕಾಯಿಲೆ ಬಲ್ಲ ಒಬ್ಬ ಡಾಕ್ಟರಮ್ಮ ಇದ್ದರು. ಧಾರವಾಡದ ಕಡೆಯವರು, ಕೈಗೆ ಬಳೆ ಇಲ್ಲ, ಗಡಿಯಾರ ಒಂದೇ. ಮಕ್ತುಂಬಿಯ ಕಣ್ಣು ಮೊದಲು ಹೋದದ್ದೇ ಆ ಬರಿಗೈಗೆ. ಡಾಕ್ಟರಮ್ಮ ಅವಳನ್ನು ನಡೆಸಿದರು, ಕೂರಿಸಿದರು, ಮಲಗಿಸಿದರು, ಕತ್ತಿನ ಎರಡೂ ಕಡೆ ಬೆರಳಿಟ್ಟು ಕಣ್ಣು ಮುಚ್ಚಿ ಕೇಳುವವರಂತೆ ನಿಂತರು.

"ಹ್ಯಾಂಡಲ್ ಎಳದಂಗ ಎಳೀತೈತ್ರಿ," ಎಂದ ಮಾಬುಸಾಬ್. "ಸೈಕಲ್ ಬಿದ್ದ ಮ್ಯಾಲೆ ಒಂದು ಕಡೆ ಎಳೀತೈತಲ್ರಿ, ಹಂಗ."

ಡಾಕ್ಟರಮ್ಮ ನಕ್ಕರು. "ನಿಮ್ಮ ಹ್ಯಾಂಡಲ್ ಸರಿ ಐತ್ರಿ ಸಾಹೇಬ್ರ. ಸವಾರಿ ಮಾಡೋವನೇ ಎಡಕ್ಕ ತಿರುವು ಅಂತ ತಪ್ಪು ಹೇಳಾಕತ್ತಾನ. ಅಮ್ಮಾ, ಏನು ಮಾಡಿದ್ರ ಇದು ನಿಲ್ಲತೈತಿ?"

"ಏನ್ ಮಾಡಿದ್ರೂ ನಿಲ್ಲಂಗಿಲ್ರಿ," ಎಂದ ಮಾಬುಸಾಬನೇ.

"ನಿಮ್ಮನ್ನ ಕೇಳ್ಲಿಲ್ರಿ."

ಮಕ್ತುಂಬಿ ಸೆರಗಿನ ಅಂಚು ಹಿಂಡುತ್ತ ಕುಳಿತಳು. ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನೋಡ್ರಿ, ನಿಮ್ಮಂಥವರನ್ನ ನಾನು ಮೊದಲೂ ನೋಡೀನಿ. ಒಬ್ಬಾಕಿ ತಲಿ ಹಿಂದ ಮುಟ್ಕೋತಿದ್ಲು. ಒಬ್ಬಾಂವ ಕಿವಿ ಹಿಡ್ಕೋತಿದ್ದ. ಒಬ್ಬ ಮಾಸ್ತರ್ರು ಗಲ್ಲಕ್ಕ ಒಂದು ಬೆರಳು ಹಚ್ಚಿಕೊಂಡು ಪಾಠ ಮಾಡ್ತಿದ್ರು. ಮುಟ್ಟಿದ ಕೂಡ್ಲೇ ಕತ್ತು ನೆಟ್ಟಗಾಗತೈತಿ. ನಿಮಗೂ ಹಂಗೇನರೆ ಐತೇನು?"

ಮಕ್ತುಂಬಿಯ ಬಾಯಿ ತೆರೆದೇ ಇತ್ತು. ಇನ್ನೊಬ್ಬರು ಇದ್ದಾರೆ. ತನ್ನ ಹಾಗೆಯೇ, ಎಲ್ಲೋ ಒಂದು ಊರಿನಲ್ಲಿ, ಗಲ್ಲಕ್ಕೆ ಬೆರಳು ಹಚ್ಚಿಕೊಂಡು ಒಬ್ಬ ಮೇಷ್ಟ್ರು ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ. ಅಷ್ಟು ದಿನ ಹಿಡಿದಿಟ್ಟದ್ದು ಒಡೆದು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಅಂಗೈಯನ್ನು ಎಡಗಲ್ಲಕ್ಕೆ ಹಚ್ಚಿ ತೋರಿಸಿದಳು. ಕತ್ತು ನಿಂತಿತು. ಮಾಬುಸಾಬ್ ಎದ್ದು ನಿಂತೇಬಿಟ್ಟ.

"ಯಾ ಅಲ್ಲಾ! ಇಷ್ಟು ದಿನ ನನಗ್ಯಾಕ ಹೇಳ್ಲಿಲ್ಲೇ?"

"ಗಲ್ಲಕ್ಕ ಕೈ ಹಚ್ಚಿದ್ರ ಕೇಡು ಅಂತಾರ. ನಿಮಗೇನರ ಆದ್ರ?"

"ನನಗೇನಾಗತೈತಿ, ಹುಚ್ಚಿ! ನಾ ಟಯರ್ ಇದ್ದಂಗ ಅದೀನಿ!"

ಡಾಕ್ಟರಮ್ಮ ಇಬ್ಬರಿಗೂ ಕೂತು ವಿವರಿಸಿದರು. ಕತ್ತಿನಲ್ಲಿ ಮೂಳೆ ಜಾರಿಲ್ಲ, ಉಳುಕಿಲ್ಲ. ಮಿದುಳಿನ ಆಳದಲ್ಲಿ, ನಾವು ಯೋಚಿಸದೆಯೇ ಮೈಯನ್ನು ನೆಟ್ಟಗೆ ನಿಲ್ಲಿಸುವ, ತಿರುಗಿಸುವ ಜಾಗವೊಂದಿದೆ. ಅಲ್ಲಿಂದ ಕತ್ತಿನ ಕೆಲವು ಸ್ನಾಯುಗಳಿಗೆ ಬೇಡದ ಅಪ್ಪಣೆ ಹೋಗುತ್ತದೆ, ಅವು ಬಿಗಿಯುತ್ತವೆ. ಮನಸ್ಸು ಅಂಜಿದರೆ, ದಣಿದರೆ, ನಾಲ್ಕು ಮಂದಿ ನೋಡಿದರೆ ಹೆಚ್ಚುತ್ತದೆ, ನಿದ್ದೆಯಲ್ಲಿ ಸುಮ್ಮನಾಗುತ್ತದೆ. ಇದು ಗಾಳಿಯಲ್ಲ, ಹುಚ್ಚಲ್ಲ, ಅಂಟುವುದಲ್ಲ, ಜೀವ ತೆಗೆಯುವುದೂ ಅಲ್ಲ.

"ಮುಟ್ಟಿದ್ರ ಯಾಕ ನಿಲ್ಲತೈತ್ರಿ?" ಎಂದಳು ಮಕ್ತುಂಬಿ.

"ಗಲ್ಲದಿಂದ ಬೇರೆ ಸುದ್ದಿ ಮಿದುಳಿಗೆ ಹೋಗತೈತಿ. ಅದನ್ನ ಕೇಳೋತನಕ ತಪ್ಪು ಅಪ್ಪಣೆ ತಡೀತೈತಿ ಅಂತ ನಾವು ತಿಳ್ಕೊಂಡೀವಿ. ಪೂರಾ ನಮಗೂ ಗೊತ್ತಿಲ್ರಿ."

"ವಾಸಿ ಆಗತೈತೇನ್ರಿ?"

"ಸುಳ್ಳು ಹೇಳಂಗಿಲ್ಲ. ಕೆಲವರಿಗೆ ಕಮ್ಮಿ ಆಗತೈತಿ, ಕೆಲವರಿಗೆ ಹಂಗೇ ಇರತೈತಿ. ಗುಳಿಗಿ ಕೊಡ್ತೀನಿ, ಸ್ವಲ್ಪ ಸಡಿಲ ಮಾಡತಾವ. ಬಾಯಿ ಒಣಗತೈತಿ, ಕಣ್ಣು ಮಸುಕಾದ್ರ ಬಂದು ಹೇಳ್ರಿ. ಗಲ್ಲಕ್ಕ ಕೈ ಹಚ್ಚಾಕ ಮಾತ್ರ ಯಾರಿಗೂ ಅಂಜಬ್ಯಾಡ್ರಿ. ಅದು ನಿಮ್ಮ ಔಷಧ."

ಹೊರಡುವಾಗ ಮಕ್ತುಂಬಿ ಆ ಬರಿಗೈಯನ್ನು ಹಿಡಿದು ಒಮ್ಮೆ ಒತ್ತಿ ನೋಡಿದಳು. "ಮೆತ್ತನ ಕೈ, ಅವ್ವಾರ. ನಿಮ್ಮ ಅಳತಿ ನನಗ ಗೊತ್ತಾತು."

ಗುಳಿಗೆಯಿಂದ ಬಿಗಿತ ತುಸು ತಗ್ಗಿತು, ನೋವೂ ತಗ್ಗಿತು. ಮುಖ್ಯವಾಗಿ, ಕಾರಣ ತಿಳಿದಿದ್ದರಿಂದ ಅರ್ಧ ಭಾರ ಇಳಿಯಿತು. ಮನೆಯಲ್ಲಿ ಧೈರ್ಯವಾಗಿ ಗಲ್ಲಕ್ಕೆ ಕೈ ಹಚ್ಚುತ್ತಿದ್ದಳು. ಖಾಜಾಬೀ ಮೊದಲು ಗೊಣಗಿದಳು, ಆಮೇಲೆ, "ಡಾಕ್ಟರ್ ಹೇಳಿದ್ ಮ್ಯಾಲೆ ಅದು ಔಷಧ, ಶಕುನ ಅಲ್ಲ," ಎಂದು ತಾನೇ ಫತ್ವಾ ಕೊಟ್ಟುಕೊಂಡಳು.

ಆದರೆ ಬಳೆ ಇಡಲು ಎರಡು ಕೈ ಬೇಕು. ಒಂದು ಕೈ ಗಲ್ಲದಲ್ಲಿದ್ದರೆ ಬಳೆ ಇಡುವುದು ಹೇಗೆ? ಮಾಬುಸಾಬನಿಗೆ ಅದೇ ಧ್ಯಾನ. ಸೈಕಲ್ಲಿನ ಎರಡು ಕಡ್ಡಿ ಬಗ್ಗಿಸಿ, ಹೆಗಲ ಮೇಲೆ ಕೂರುವಂತೆ ಮಾಡಿ, ತುದಿಗೆ ಹತ್ತಿಯ ಉಂಡೆ ಸುತ್ತಿ ಬಟ್ಟೆ ಹೊಲಿದು, ಗಲ್ಲಕ್ಕೆ ತಾಗುವ ಒಂದು ಯಂತ್ರ ಮಾಡಿದ. ಹಾಕಿಕೊಂಡ ಕೂಡಲೇ ಕತ್ತು ನಿಂತಿತು. ಅವನು ಸೈಕಲ್ ಗಂಟೆ ಬಾರಿಸಿ ಕುಣಿದ. ಅಷ್ಟರಲ್ಲಿ ಮಕ್ತುಂಬಿ ಸೀನಿದಳು. ಕಡ್ಡಿ ಚಿಮ್ಮಿ ಮಾಬುಸಾಬನ ಟೋಪಿಯನ್ನು ಎತ್ತಿಕೊಂಡು ಹೋಯಿತು.

"ನಿಮ್ಮ ಸೈಕಲ್ಲಿಗೇ ಹಾಕ್ರಿ ಇದನ್ನ. ನಾನು ಹೊರಗ ಹೋದ್ರ ಎತ್ತು ಬೆದರತಾವು," ಎಂದು ಅವಳು ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. ಯಂತ್ರ ಕೆಟ್ಟರೂ ಮಾಬುಸಾಬನಿಗೆ ಕೂಲಿ ಸಿಕ್ಕಿತು.

ಎಪ್ಪತ್ತೆಂಟರ ಶ್ರಾವಣ ಕಳೆದ ಮೇಲೆ ಗಾದೆಮ್ಮ ಹಂಪಸಾಗರದಿಂದ ಮಕ್ತುಂಬಿಯ ಮನೆ ಹುಡುಕಿಕೊಂಡು ಬಂದಳು. ಮಗಳು ಮೈಲಮ್ಮ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಾಳೆ. ಕುಬಸದ ಕಾರ್ಯ, ಎಂದರೆ ಸೀಮಂತ, ಹಸಿರು ಬಳೆ ಇಡಬೇಕು.

"ನಮ್ಮತ್ತಿ ಬೇರೆಯವರನ್ನ ಕರಸ್ತೀನಿ ಅಂದ್ಲು. ಮೈಲಿ ಏನಂದ್ಲು ಗೊತ್ತಾ? ಮಕ್ತುಂಬಕ್ಕನ ಬಿಟ್ಟು ಇನ್ಯಾರ ಮುಂದೂ ಕೈ ಚಾಚಂಗಿಲ್ಲ, ಬರಿಗೈಲೇ ಹಡೀತೀನಿ ಅಂದ್ಲು. ಮನಿಯಾಗ ದೊಡ್ಡ ಗದ್ದಲ. ನೀ ಬಾ. ನಾನು ಕರಿಯಾಕ ಬಂದೀನಿ."

"ಅಜ್ಜಿ ಮತ್ತೆ ಏಳು ಅಂದ್ರ?"

ಗಾದೆಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

ಅವಳು ಹೋದ ಮೇಲೆ ಮಕ್ತುಂಬಿ ಗಂಡನಿಗೆ ಹೇಳಿದಳು, "ಹೋಗ್ತೀನಿ. ಆ ಮನಿಯಾಗ ನನ್ನ ಕೈಲೆ ಬಳಿ ಇಡಿಸ್ಕಂಡ್ರ ಮಲಾರ ಹೊರ್ತೀನಿ. ಮತ್ತೆ ಎಬ್ಬಿಸಿದ್ರ, ಮಲಾರ ಯಾರಿಗಾದ್ರೂ ಕೊಟ್ಟುಬಿಡ್ರಿ. ಬಡವರ ಓಣಿಯಾಗ ಮಾರಿ ನೋಡದಂಗ ಬಳಿ ಇಡಾಕ ನನ್ನಿಂದ ಆಗಂಗಿಲ್ಲ."

ಮಾಬುಸಾಬ್ ಹಸಿರು ಬಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಬಿರುಕಿಲ್ಲದ್ದನ್ನು ಆರಿಸಿ ಪೋಣಿಸಿಕೊಟ್ಟ.

ಕುಬಸದ ದಿನ ಮೈಲಮ್ಮ ಹಸಿರು ಸೀರೆಯುಟ್ಟು ಪಡಸಾಲೆಯಲ್ಲಿ ಹಸೆಮಣೆಯ ಮೇಲೆ ಕುಳಿತಿದ್ದಳು. ಸುತ್ತ ಮುತ್ತೈದೆಯರು. ಕಂಬಕ್ಕೆ ಒರಗಿ ಬೊಮ್ಮಮ್ಮ. ಮಕ್ತುಂಬಿ ಹೊಸ್ತಿಲು ದಾಟಿದಾಗ ಮುದುಕಿ ಅವಳನ್ನು ಕಾಲಿಂದ ತಲೆಯವರೆಗೆ ನೋಡಿದಳು. ಕತ್ತು ಆಗಲೇ ಎಡಕ್ಕೆ ಎಳೆಯುತ್ತಿತ್ತು.

"ಬಂದ್ಯಾ? ಯಾವ ಕಡಿ ನೋಡ್ಕಂಡು ಬಂದಿ?"

ಒಂದಿಬ್ಬರು ಕಿಸಕ್ಕೆಂದರು. ಮಕ್ತುಂಬಿ ಮಲಾರ ಇಳಿಸಲಿಲ್ಲ. ನಿಂತಲ್ಲೇ ನಿಂತು, ಎಲ್ಲರ ಎದುರಿಗೆ, ಕೈಯನ್ನು ಗಲ್ಲಕ್ಕೆ ಹಚ್ಚಿದಳು. ಹೆಂಗಸರು ಗುಸುಗುಸು ಎಂದರು. ಕತ್ತು ನೆಟ್ಟಗೆ ನಿಂತಿತು. ಅವಳು ಬೊಮ್ಮಮ್ಮನ ಮುಖವನ್ನು ನೇರವಾಗಿ ನೋಡಿದಳು.

"ಅಜ್ಜೀ, ಇವತ್ತು ಹೇಳಿ ಬಿಡ್ತೀನಿ, ಆಮ್ಯಾಲೆ ಏಳು ಅಂದ್ರ ಏಳ್ತೀನಿ. ಇದು ಒಂದು ರೋಗ. ನನ್ನ ತಲಿಯೊಳಗಿಂದ ಕತ್ತಿಗೆ ತಪ್ಪು ಹುಕುಂ ಬರತೈತಿ. ನಾ ತಿರುಗ್ತಿಲ್ಲ, ಅದು ತಿರುಗಿಸ್ತೈತಿ. ಬಳ್ಳಾರಿ ಡಾಕ್ಟರ್ ನೋಡಿ ಹೇಳ್ಯಾರ, ಅಂಟಂಗಿಲ್ಲ, ಗಾಳಿ ಅಲ್ಲ. ಗಲ್ಲ ಮುಟ್ಟಿದ್ರ ನಿಲ್ಲತೈತಿ, ಅದೇ ಔಷಧ. ನಿಮ್ಮ ಮದುವಿ ಮನಿಯಾಗ ನಾನು ಅಳಾಕ ಗಲ್ಲಕ್ಕ ಕೈ ಹಚ್ಚಿರಲಿಲ್ಲ. ಆ ಹುಡುಗಿ ಮಾರಿ ನೋಡಬೇಕಂತ ಹಚ್ಚಿದ್ದೆ. ಮಾರಿ ಕಾಣದ ಕೈಗೆ ಬಳಿ ಇಡೋದು ನಮ್ಮತ್ತಿ ನನಗ ಕಲಿಸಿಲ್ಲ."

ಬೊಮ್ಮಮ್ಮ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದಳು.

"ಮುಟ್ಟಿದ್ರ ನಿಲ್ಲತೈತಿ ಅಂತಿ," ಎಂದಳು ಕಡೆಗೆ. "ಗಲ್ಲದಾಗ ಒಂದು ಕೈ ಇಟ್ಕಂಡು ಬಳಿ ಹೆಂಗ ಇಡ್ತಿ? ಹಲ್ಲಿನಾಗ ಕಚ್ಚಿ ಇಡ್ತಿಯಾ?"

ಮಕ್ತುಂಬಿ ತಲೆ ತಗ್ಗಿಸಿದಳು.

"ಬಾ ಇಲ್ಲಿ ಅಕ್ಕಾ," ಎಂದಳು ಮೈಲಮ್ಮ.

ಮಕ್ತುಂಬಿ ಹೋಗಿ ಅವಳೆದುರು ಕುಳಿತಳು. ಮೈಲಮ್ಮ ಎಡಗೈಯನ್ನು ಬಳೆಗೆ ಚಾಚಿದಳು. ಬಲಗೈಯನ್ನು ಎತ್ತಿ, ಅರಿಸಿನ ಹತ್ತಿದ್ದ ಅಂಗೈಯನ್ನು ಮಕ್ತುಂಬಿಯ ಎಡಗಲ್ಲದ ಮೇಲೆ ಇಟ್ಟಳು.

"ನಿನ್ನ ಎರಡೂ ಕೈ ನನಗ ಬೇಕು. ನನ್ನ ಒಂದು ಕೈ ನೀ ಇಟ್ಕ."

ಕತ್ತು ಒಮ್ಮೆ ನಡುಗಿತು. ತನ್ನ ಕೈ ಹಚ್ಚಿದಾಗಿನಷ್ಟು ನೆಟ್ಟಗೆ ಬರಲಿಲ್ಲ. ಬಂದಷ್ಟು ಬಂತು, ನಿಂತಿತು. ಅಷ್ಟು ಸಾಕಿತ್ತು. ಬಸುರಿಯ ದುಂಡು ಮುಖ, ಹಣೆಯ ಕುಂಕುಮ, ಎರಡೂ ಹುಬ್ಬು ಕಂಡವು. ಮಕ್ತುಂಬಿಯ ಬೆರಳುಗಳು ಮೈಲಮ್ಮನ ಗೆಣ್ಣನ್ನು ಹುಡುಕಿದವು. ಬಸುರಿನಲ್ಲಿ ಕೈ ಊದಿತ್ತು. ಮೊದಲ ಹಸಿರು ಬಳೆ ಗೆಣ್ಣಿನ ಹತ್ತಿರ ಬಂತು. ಎಡಹುಬ್ಬು ತುಸು ಅಲುಗಿತು. ಮಕ್ತುಂಬಿ ನಿಲ್ಲಿಸಿದಳು, ಸಡಿಲಿಸಿದಳು, ಹೆಬ್ಬೆರಳನ್ನು ಇನ್ನಷ್ಟು ಒಳಗೆ ಮಡಿಸಿದಳು. ಬಳೆ ಹಾಲಿನಲ್ಲಿ ಜಾರಿದಂತೆ ಜಾರಿತು.

ಎಡಗೈ ತುಂಬಿತು. ಈಗ ಬಲಗೈ. ಮೈಲಮ್ಮ ಬಲಗೈಯನ್ನು ಗಲ್ಲದಿಂದ ತೆಗೆದು, ಹಸಿರು ಬಳೆ ತುಂಬಿದ ಎಡಗೈಯನ್ನು ಎತ್ತಲು ಹೋದಳು. ಅಷ್ಟರಲ್ಲಿ ಯಾರೋ, "ಏ ಹುಡುಗೀ, ಹೊಸ ಬಳಿ ಕೈ ಮ್ಯಾಲೆತ್ತಬಾರದು, ಉಡಿಯಾಗ ಇಟ್ಕ," ಎಂದರು. ಮೈಲಮ್ಮ ಕೈ ನಿಲ್ಲಿಸಿದಳು. ಮಕ್ತುಂಬಿಯ ಕತ್ತು ಮತ್ತೆ ಎಡಕ್ಕೆ ಜಾರಿತು. ಮೈಲಮ್ಮನ ಮುಖ ಹೋಯಿತು, ಕಂಬ ಕಂಡಿತು.

ಕಂಬದ ಬಳಿ ಬೊಮ್ಮಮ್ಮ ಇರಲಿಲ್ಲ.

ಒರಟು ಅಂಗೈಯೊಂದು, ಕುರಿ ಉಣ್ಣೆಯ ವಾಸನೆಯದು, ಎಲೆ ಅಡಿಕೆಯ ಸುಣ್ಣ ಮೆತ್ತಿದ್ದು, ಮಕ್ತುಂಬಿಯ ಗಲ್ಲಕ್ಕೆ ಬಂದು ಕೂತಿತು. ಮುದುಕಿ ಪಕ್ಕದಲ್ಲಿ ಮೊಣಕಾಲೂರಿ ಕೂತು ಏದುತ್ತಿದ್ದಳು.

"ಇಲ್ಲೇನು? ಇನ್ನೂ ಕೆಳಗೋ?"

"ಅಲ್ಲೇ ಇರಲಿ ಅಜ್ಜೀ."

"ಗಟ್ಟಿ ಒತ್ತಲಾ?"

"ಬ್ಯಾಡ. ಸುಮ್ಮಗ ಮುಟ್ಟಿದ್ರ ಸಾಕು."

"ಸುಮ್ಮಗ ಮುಟ್ಟೋದು ನನಗ ಬರಂಗಿಲ್ಲವ್ವಾ, ಈ ಮನಿಯಾಗ ಬಡದೇ ರೂಢಿ," ಎಂದಳು ಬೊಮ್ಮಮ್ಮ. ಸುತ್ತಲಿದ್ದವರು ನಕ್ಕರು. ಮುದುಕಿ ಅವರ ಕಡೆ ತಿರುಗಿದಳು. "ಏನು ಹಲ್ಲು ಕಿಸಿತೀರಿ? ಸೋಬಾನ ಹಾಡ್ರಿ! ಬಳಿ ಇಡೋ ಹೊತ್ತಿನಾಗ ಬಾಯಿ ಮುಚ್ಕಂಡು ಕುಂತ್ರ ಅದು ಕೇಡು, ಗಲ್ಲಕ್ಕ ಕೈ ಹಚ್ಚಿದ್ರಲ್ಲ." ಆಮೇಲೆ ಮಕ್ತುಂಬಿಯ ಕಿವಿಗೆ ಮಾತ್ರ ಕೇಳುವಂತೆ ಹೇಳಿದಳು, "ಅವತ್ತೇ ಹಿಂಗ ಐತಿ ಅಂತ ಹೇಳಬಾರದಿತ್ತಾ, ತಂಗೀ?"

"ಅವತ್ತು ನನಗೂ ಗೊತ್ತಿರಲಿಲ್ಲ ಅಜ್ಜೀ."

ಬಲಗೈಯೂ ತುಂಬಿತು. ಕೊನೆಗೆ ಬಳೆಗಾರ್ತಿ ತನ್ನ ಕಡೆಯಿಂದ ಇಡುವ ಒಂದು ಹೆಚ್ಚಿನ ಬಳೆ ಇಟ್ಟಳು. ಮೈಲಮ್ಮ ಬಳೆಗಳನ್ನು ಕಣ್ಣಿಗೆ ಒತ್ತಿಕೊಂಡು ಬಾಗಿದಳು. "ಮುತ್ತೈದಿಯಾಗಿ ಬಾಳು ತಾಯಿ, ಸುಖವಾಗಿ ಹಡಿ," ಎಂದು ಮಕ್ತುಂಬಿ ಅವಳ ಮುಖ ನೋಡಿಯೇ ಹರಸಿದಳು. ಅಷ್ಟು ಹೊತ್ತೂ ಬೊಮ್ಮಮ್ಮನ ಕೈ ಅಲ್ಲಿಂದ ಕದಲಲಿಲ್ಲ. ತೆಗೆದಾಗ ಮಕ್ತುಂಬಿಯ ಗಲ್ಲದಲ್ಲಿ ಒಂದು ಕಡೆ ಅರಿಸಿನ, ಒಂದು ಕಡೆ ಸುಣ್ಣ. ಮೊರದ ತುಂಬ ಅಕ್ಕಿ, ಬೆಲ್ಲ, ಎಲೆ ಅಡಿಕೆ ಕೊಟ್ಟು ಗಾದೆಮ್ಮ ಊರ ಹೊರಗಿನವರೆಗೆ ಬಂದು ಬಿಟ್ಟು ಹೋದಳು. ಬಸ್ ನಿಲ್ದಾಣದಲ್ಲಿ ಕಾದಿದ್ದ ಮಾಬುಸಾಬ್ ಹೆಂಡತಿಯ ಗಲ್ಲ ನೋಡಿ, ಮಲಾರವನ್ನು ತನ್ನ ಹೆಗಲಿಗೆ ಹಾಕಿಕೊಂಡ.

ಮಕ್ತುಂಬಿಯ ಕತ್ತು ಆಮೇಲೂ ವಾಸಿಯಾಗಲಿಲ್ಲ. ಕೆಲವು ತಿಂಗಳು ತಗ್ಗಿರುತ್ತಿತ್ತು, ಕೆಲವು ತಿಂಗಳು ಏರುತ್ತಿತ್ತು. ಬಳ್ಳಾರಿಗೆ ಹೋದಾಗಲೆಲ್ಲ ಡಾಕ್ಟರಮ್ಮನಿಗೆ ಬಳೆ ಒಯ್ಯುತ್ತಿದ್ದಳು. ಅವರು ಆಸ್ಪತ್ರೆಯಲ್ಲಿ ತೊಡಬಾರದೆಂದು ಮನೆಗೆ ಹೋಗಿ ತೊಟ್ಟುಕೊಳ್ಳುತ್ತಿದ್ದರು. ಬೊಮ್ಮಮ್ಮನ ಮನೆಯಲ್ಲಿ ನಡೆದದ್ದು ಹಳ್ಳಿ ಹಳ್ಳಿಗೆ ಹೋಯಿತು. ಆ ಸುತ್ತಿನಲ್ಲಿ ಎಲ್ಲಿ ಮಲಾರ ಇಳಿಸಿದರೂ, ಯಾರಾದರೂ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ಕೂತು ಅವಳ ಗಲ್ಲಕ್ಕೆ ಕೈ ಹಚ್ಚುತ್ತಿದ್ದಳು. ಯಾರನ್ನೂ ಕರೆಯಬೇಕಾಗಿರಲಿಲ್ಲ. ಮುನಿಸಿಕೊಂಡ ವಾರಗಿತ್ತಿಯರೂ ಅದಕ್ಕಾಗಿ ಸರದಿಯಂತೆ ಬರುತ್ತಿದ್ದರು.

ವರ್ಷಗಳು ಕಳೆದಂತೆ, ಕಾರಣ ಗೊತ್ತಿಲ್ಲದ ಹೊಸ ಸೊಸೆಯರು ಅದನ್ನೊಂದು ಶಾಸ್ತ್ರವೆಂದೇ ತಿಳಿದರು. ಎಂಬತ್ತೈದರ ಸುಮಾರಿಗೆ ಹಂಪಸಾಗರದ ಹುಡುಗಿಯೊಬ್ಬಳನ್ನು ಹರಪನಹಳ್ಳಿಗೆ ಕೊಟ್ಟಿದ್ದರು. ಅಲ್ಲಿ ಬಳೆ ಇಡಲು ಬಂದವನು ಗಡ್ಡದ ಒಬ್ಬ ಮುದುಕ. ಹುಡುಗಿ ಒಂದು ಕೈ ಚಾಚಿ, ಇನ್ನೊಂದು ಕೈಯನ್ನು ಬಲು ಭಕ್ತಿಯಿಂದ ಅವನ ಗಲ್ಲಕ್ಕೆ ಹಚ್ಚಿದಳಂತೆ. ಆ ಮುದುಕ ಮಲಾರವನ್ನು ಅಲ್ಲೇ ಬಿಟ್ಟು ಎದ್ದು ಓಡಿದನಂತೆ.

ಈ ಸುದ್ದಿ ತಂದವಳು ಮೈಲಮ್ಮ, ಆಗ ಎರಡು ಮಕ್ಕಳ ತಾಯಿ. ಕೇಳಿ ಮಕ್ತುಂಬಿ ಬಿದ್ದು ಬಿದ್ದು ನಕ್ಕಳು. ನಕ್ಕು ಸಾಕಾಗಿ, ಗಲ್ಲಕ್ಕೆ ಕೈ ಹಚ್ಚಿ ಕತ್ತು ನಿಲ್ಲಿಸಿಕೊಂಡು ಹೇಳಿದಳು:

"ಅಯ್ಯೋ ಪಾಪ! ಅವನ ಕತ್ತು ನೆಟ್ಟಗಿತ್ತಲ್ಲವ್ವಾ, ಅವನಿಗೇನು ಗೊತ್ತಾಗತೈತಿ ಅದರ ಸುಖ!"